ಇಪ್ಪತ್ತನಾಲ್ಕು ತೂತಿನ ಕಾರ್ಡು

ಕಂಪನಿಯ ಹೊಸ ಸ್ವೆಟರಿಗೆ ಮೂರು ಸಾವಿರದ ಎಂಟುನೂರು ರೂಪಾಯಿ. ಅದನ್ನು ನಾಲ್ಕು ತಿಂಗಳ ಕೂಲಿಯಲ್ಲಿ ಮುರಿದುಕೊಳ್ಳುತ್ತಿದ್ದರು. ಮೊಣಕೈ ಹರಿದ ತೋಳನ್ನು ಬಿಚ್ಚಿ ಮತ್ತೆ ಹೆಣೆದು ಕೊಡಲು ಸೋನವ್ವ ತಿಗಡಿ ತೆಗೆದುಕೊಳ್ಳುತ್ತಿದ್ದದ್ದು ನೂರಾ ಇಪ್ಪತ್ತು. ಅದರಲ್ಲಿ ಉಣ್ಣೆಗೆ ಐವತ್ತು ಹೋಗುತ್ತಿತ್ತು. ಹೆಣಿಗೆ ಯಂತ್ರಕ್ಕೆ ಚಿತ್ತಾರ ಹೇಳಿಕೊಡುವ ಕಾರ್ಡಿಗೆ ಹೆಚ್ಚು ಖರ್ಚಿಲ್ಲ. ಹಳೆಯ ಪ್ಲಾಸ್ಟಿಕ್ ಫೈಲಿನ ರಟ್ಟನ್ನು ಕತ್ತರಿಸಿ ಅವಳೇ ತೂತು ಹೊಡೆಯುತ್ತಿದ್ದಳು. ಸೂಜಿ ಮುರಿದರೆ ಮಾತ್ರ ಯಾವ ರೊಕ್ಕಕ್ಕೂ ಸಿಗುತ್ತಿರಲಿಲ್ಲ. ಅಂಥ ಸೂಜಿ ಮಾಡುವುದನ್ನು ಜಪಾನಿನವರು ಬಿಟ್ಟು ನಲವತ್ತು ವರ್ಷವಾಗಿತ್ತು. ಹಾಗಾಗಿ ಯಂತ್ರದ ಎರಡು ತುದಿಯಿಂದ, ತೋಳಿನ ಅಗಲಕ್ಕೆ ಬೇಡವಾದ ಕಡೆಯಿಂದ, ಒಂದೊಂದಾಗಿ ಕಿತ್ತು ನಡುವೆ ಹಾಕಿಕೊಳ್ಳುತ್ತಿದ್ದಳು. ಇನ್ನೂರು ಸೂಜಿಯ ಯಂತ್ರದಲ್ಲಿ ನೂರಾ ಅರವತ್ತೆರಡು ಉಳಿದಿದ್ದವು.

ಅದೇ ಕಂಪನಿಯ ಇನ್ನೊಂದು ಪಟ್ಟಿಯಲ್ಲಿ ಕಿರುಬೆರಳಿಗೆ ಹದಿನೆಂಟು ಸಾವಿರ, ತೋರುಬೆರಳಿಗೆ ನಲವತ್ತು ಸಾವಿರ ಎಂದಿತ್ತು. ಆ ಪಟ್ಟಿಯನ್ನು ಸೋನವ್ವ ನೋಡಿದ್ದು ಆಮೇಲೆ.

ಇದು ಎರಡು ಸಾವಿರದ ನಲವತ್ತೊಂದನೇ ಇಸವಿಯ ಮಾತು. ಬೆಳಗಾವಿಯ ಹೊರಗೆ ಹೆದ್ದಾರಿಯ ಬದಿಗೆ ಹನ್ನೊಂದು ಬಾಗಿಲಿನ ಥಂಡಿ ಗೋದಾಮು ಎದ್ದಿತ್ತು. ಬಟಾಣಿ, ಜೋಳದ ಕಾಳು, ಪನೀರು, ಮೀನು ಎಲ್ಲವೂ ಅಲ್ಲಿ ಕಲ್ಲಾಗಿ ಕೂತು ಹಡಗು ಹತ್ತುತ್ತಿದ್ದವು. ಒಳಗೆ ಸೊನ್ನೆಗಿಂತ ಇಪ್ಪತ್ತೆರಡು ಡಿಗ್ರಿ ಕೆಳಗೆ. ಆ ಚಳಿಗೆ ಕೊರಳಿನ ಗುರುತಿನ ಚೀಟಿಯ ಬ್ಯಾಟರಿ ಸಾಯುತ್ತಿತ್ತು, ಮುಖದ ಮೇಲೆ ಮಂಜು ಕೂತು ಕ್ಯಾಮೆರಾಕ್ಕೆ ಯಾರೆಂದು ತಿಳಿಯುತ್ತಿರಲಿಲ್ಲ. ಅದಕ್ಕೆ ಯಾರೋ ಜಾಣರು ಉಪಾಯ ಹುಡುಕಿದರು. ಗುರುತನ್ನು ಸ್ವೆಟರಿನಲ್ಲೇ ಹೆಣೆದುಬಿಡುವುದು. ಕಪ್ಪು ಬಿಳಿ ಚೌಕಗಳ ಚಿತ್ತಾರ, ಅಡ್ಡಕ್ಕೆ ಇಪ್ಪತ್ತನಾಲ್ಕು ಹೊಲಿಗೆ, ಎದೆಗೆ, ಬೆನ್ನಿಗೆ, ಎರಡು ತೋಳಿಗೆ. ಒಬ್ಬೊಬ್ಬರಿಗೆ ಒಂದೊಂದು ಚಿತ್ತಾರ. ಕ್ಯಾಮೆರಾ ಅರ್ಧ ನಿಮಿಷಕ್ಕೊಮ್ಮೆ ಚಿತ್ತಾರವನ್ನು ಓದುತ್ತಿತ್ತು. ಯಾರು ಎಷ್ಟು ಹೊತ್ತು ಒಳಗಿದ್ದರು, ಎಷ್ಟು ಹೊತ್ತು ಕೂತರು ಎಂದು ಬರೆದುಕೊಳ್ಳುತ್ತಿತ್ತು. ಒಳಗೆ ಯಾರೂ ಇಲ್ಲವೆಂದು ತಿಳಿದರೆ ಬಾಗಿಲು ತಾನೇ ಮುಚ್ಚಿ, ದೀಪ ಆರಿಸಿ, ಕರೆಂಟು ಉಳಿಸುತ್ತಿತ್ತು. ಬರಿಗಣ್ಣಿಗೆ ಕಾಣದ ಬೆಳಕಿನಲ್ಲಿ ಕ್ಯಾಮೆರಾ ಮಾತ್ರ ಎಚ್ಚರವಿರುತ್ತಿತ್ತು, ಕಳ್ಳರಿಗಾಗಿ.

ಚಿತ್ತಾರ ಇಪ್ಪತ್ತನಾಲ್ಕು ಹೊಲಿಗೆಯದು ಎಂದು ತಿಳಿದ ದಿನ ಸೋನವ್ವ ನಕ್ಕಿದ್ದಳು. ಅತ್ತೆಯಿಂದ ಬಂದ ಅವಳ ಯಂತ್ರದ ಕಾರ್ಡಿನಲ್ಲಿಯೂ ಸಾಲಿಗೆ ಇಪ್ಪತ್ತನಾಲ್ಕೇ ತೂತಿನ ಜಾಗ. ತೂತಿದ್ದರೆ ಕಪ್ಪು ನೂಲು, ಇಲ್ಲದಿದ್ದರೆ ಬಿಳಿ. ಸೂಜಿಗಳ ಮೇಲೆ ಓಡುವ ಗಾಡಿಯನ್ನು ಎಡಕ್ಕೊಮ್ಮೆ ಬಲಕ್ಕೊಮ್ಮೆ ತಳ್ಳಿದರೆ ಕಾರ್ಡು ಒಂದೊಂದು ಸಾಲು ಮೇಲೇರುತ್ತಿತ್ತು, ಬಟ್ಟೆ ಕೆಳಗಿಳಿಯುತ್ತಿತ್ತು. ಶಾಲೆಯ ಮಕ್ಕಳ ಸ್ವೆಟರಿನ ಮೇಲೆ ನವಿಲು ಹೆಣೆಯುತ್ತಿದ್ದ ಯಂತ್ರ ಈಗ ಕಂಪನಿಯ ಚೌಕ ಹೆಣೆಯತೊಡಗಿತು. ಗೋದಾಮಿನ ಹೆಂಗಸರು ಬಾಗಿಲ ಮುಂದೆ ಸಾಲು ಹಚ್ಚಿದರು. ಎಲ್ಲರಿಗಿಂತ ಮೊದಲು ಬಂದವಳು ಕಸ್ತೂರಿ, ತೀರಿಹೋದ ತಮ್ಮನ ಮಗಳು. ಪೆಟ್ಟಿಗೆಗೆ ಉಜ್ಜಿ ಉಜ್ಜಿ ಬಲಗೈ ಮೊಣಕೈ ಜಾಳಾಗಿತ್ತು.

"ಅತ್ತಿ, ಚಂದಂಗ ಹೆಣಿ. ಒಂದ ಚೌಕ ತಪ್ಪಿದ್ರೂ ಆ ಕಣ್ಣಿಗೆ ನಾ ಸತ್ತಂಗ" ಎಂದಿದ್ದಳು, ನಗುತ್ತಲೇ.

"ನಾ ಹೆಣದದ್ದು ಎಂದರ ತಪ್ಪೇತೇನ? ನಿನ್ನ ಲಗ್ನದಾಗ ಊಟಾ ತಪ್ಪಿತ್ತ, ಸ್ವೆಟರ್ ತಪ್ಪಿದ್ದಿಲ್ಲ."

ಅದಾಗಿ ಹನ್ನೊಂದು ದಿನಕ್ಕೆ ಕಸ್ತೂರಿ ಒಳಗೆ ಸಿಕ್ಕಿಕೊಂಡಳು.

ಸಂಜೆ ಆರಕ್ಕೆ ಪಾಳಿ ಮುಗಿಯುತ್ತಿತ್ತು. ಹಿಂದಿನ ಸಾಲಿನಲ್ಲಿ ಬಟಾಣಿಯ ಎರಡು ಪೆಟ್ಟಿಗೆ ಜಾರಿದ್ದವು. ಹಾಗೇ ಬಿಟ್ಟರೆ ಬೈಸಿಕೊಳ್ಳುವುದು ಅವಳೇ. ಎತ್ತಿಟ್ಟು ಬರುವಷ್ಟರಲ್ಲಿ ಬಾಗಿಲು ಮುಚ್ಚಿ ದೀಪ ಆರಿತು. ಬಾಗಿಲಿಗೆ ಒಳಗಿನಿಂದ ಹಿಡಿಕೆ ಇರಲಿಲ್ಲ. ಇದ್ದದ್ದು ಒಂದು ಗಾಜಿನ ಫಲಕ, ಅದೂ ಬರಿಬೆರಳಿಗೆ ಮಾತ್ರ ಕೆಲಸ ಮಾಡುವಂಥದ್ದು. ಕಸ್ತೂರಿ ಬಲಗೈ ಗವಸು ಬಿಚ್ಚಿ ಅದನ್ನು ಒತ್ತಿದಳು. ಒಳಗೆ ಯಾರೂ ಇಲ್ಲವೆಂದು ಫಲಕವೂ ಮಲಗಿತ್ತು. ಒತ್ತಿದಳು, ಬಡಿದಳು, ಬಾಗಿಲ ಸಂದಿಗೆ ಬೆರಳು ತುರುಕಿದಳು. ಬಿಚ್ಚಿದ ಗವಸು ಕತ್ತಲಲ್ಲಿ ಎಲ್ಲಿ ಬಿತ್ತೋ ಸಿಗಲಿಲ್ಲ. ಎಂಟು ಗಂಟೆಗೆ ಮುಂದಿನ ಪಾಳಿಯವರು ಬಾಗಿಲು ತೆರೆದಾಗ ಅವಳಿಗೆ ಉಸಿರಿತ್ತು. ಆಸ್ಪತ್ರೆಯವರು ಸ್ವೆಟರನ್ನು ಕತ್ತರಿಯಿಂದ ಕತ್ತರಿಸಿ ತೆಗೆದು ಕಸಕ್ಕೆ ಹಾಕಿದರು. ಹದಿನೈದು ದಿನ ಕಾದು, ಬಲಗೈಯ ನಾಲ್ಕು ಬೆರಳನ್ನು ಎರಡನೇ ಗೆಣ್ಣಿಗೆ ತೆಗೆದರು. ಹೆಬ್ಬೆರಳು ಉಳಿಯಿತು.

ಕಂಪನಿ ತನಿಖೆ ಮಾಡಿತು. ತನಿಖೆಯಲ್ಲಿ ಸಿಕ್ಕ ಅಪರಾಧಿ ಸೋನವ್ವ.

*

ಕಂಪನಿಯ ನಿಯಂತ್ರಣ ಕೊಠಡಿಗೆ ಅವಳನ್ನು ಕಾರು ಕಳಿಸಿ ಕರೆಸಿಕೊಂಡರು. ಗೋಡೆ ತುಂಬ ಪರದೆಗಳು. ಅವುಗಳ ಮುಂದೆ ತೆಳ್ಳಗಿನ ಹುಡುಗನಂಥ ಎಂಜಿನಿಯರ್, ಅನಿರುದ್ಧ ಕೊಪ್ಪೀಕರ. ಹಿಂದಿನ ದಿನವೇ ಅವನು ಮನೆಗೆ ಬಂದು, ಮೊಳೆಗೆ ತೂಗುಹಾಕಿದ್ದ ಕಾರ್ಡುಗಳಲ್ಲಿ 'ಕಸ್ತೂರಿ' ಎಂದು ಬರೆದದ್ದರ ಫೋಟೋ ತೆಗೆದುಕೊಂಡು ಹೋಗಿದ್ದ.

"ನೋಡಿ ಅಮ್ಮ. ಎಡಗಡೆ ಇರುವುದು ಕಸ್ತೂರಿಯವರಿಗೆ ನಾವು ಕೊಟ್ಟ ಚಿತ್ತಾರ. ಬಲಗಡೆ ಇರುವುದು ನೀವು ತೂತು ಹೊಡೆದ ಕಾರ್ಡು. ಎರಡನ್ನೂ ಒಂದರ ಮೇಲೊಂದು ಇಡುತ್ತೇನೆ."

ಇಟ್ಟ. ಹೊಂದದ ಚೌಕಗಳು ಕೆಂಪಾದವು. ಪರದೆಯ ಅರ್ಧಕ್ಕಿಂತ ಹೆಚ್ಚು ಕೆಂಪು.

"ಅಂದರೆ ಕ್ಯಾಮೆರಾ ಅವರನ್ನು ಗುರುತಿಸಲಿಲ್ಲ. ಇಲ್ಲದ ವ್ಯಕ್ತಿಗಾಗಿ ಬಾಗಿಲು ತೆರೆದಿಡಲು ಯಂತ್ರಕ್ಕೆ ಆಗುವುದಿಲ್ಲ ಅಮ್ಮ."

"ಎದಿಮ್ಯಾಲ, ಬೆನ್ನಮ್ಯಾಲ ನಿಮ್ದ ಚಿತ್ತಾರ ಇತ್ತಲ್ರಿ?"

"ಒಂದು ತೋಳು ಬೇರೆ ಹೇಳಿದರೆ ಇಡೀ ಸ್ವೆಟರನ್ನು ನಕಲಿ ಎಂದು ತಳ್ಳಿಹಾಕುತ್ತದೆ. ಒಬ್ಬರ ಅಂಗಿ ಇನ್ನೊಬ್ಬರು ಹಾಕಿಕೊಂಡು ಹಾಜರಿ ಹಾಕಿಸಬಾರದು ಅಂತ. ಇಷ್ಟು ದಿನ ಆ ತೋಳು ಕ್ಯಾಮೆರಾದ ಕಣ್ಣಿಗೆ ಸರಿಯಾಗಿ ಬಿದ್ದಿರಲಿಕ್ಕಿಲ್ಲ."

ಅವನು ಕಠಿಣವಾಗಿ ಹೇಳಲಿಲ್ಲ. ಅದೇ ಅವಳನ್ನು ಚುಚ್ಚಿತು. ಬೈದಿದ್ದರೆ ತಿರುಗಿ ಬೈಯುತ್ತಿದ್ದಳು. ಈ ಹುಡುಗ ಕನಿಕರದಿಂದ ಒಂದು ಕಾಗದ ಅಚ್ಚುಹಾಕಿ ಕೈಗೆ ಕೊಟ್ಟ, ಎರಡು ಚಿತ್ತಾರ ಅಕ್ಕಪಕ್ಕ. ಮೂವತ್ತೈದು ವರ್ಷ ಹೆಣೆದವಳು ಅದನ್ನು ಮಡಚಿ ಸೆರಗಿಗೆ ಕಟ್ಟಿಕೊಂಡಳು. ಎಲ್ಲಿ ತಪ್ಪಿದೆ? ಎಣಿಸುವಾಗ ಯಾರು ಮಾತಾಡಿಸಿದ್ದರು?

ಕಂಪನಿ ಎರಡು ಕೆಲಸ ಮಾಡಿತು. ಅನಧಿಕೃತ ತೇಪೆಯಿಂದ ಅಪಘಾತವಾಗಿದೆ ಎಂದು ಕಾರ್ಮಿಕ ಅಧಿಕಾರಿಗೆ ಬರೆಯಿತು. ಆ ಮಾತಿಗೆ ಕಸ್ತೂರಿ ಸಹಿ ಹಾಕಿದರೆ ದಯೆಯಿಂದ ಎಂಬತ್ತು ಸಾವಿರ ಕೊಡುವುದಾಗಿ ಹೇಳಿತು. ಹಾಕದಿದ್ದರೆ ಏನೂ ಇಲ್ಲ. ಬೆರಳಿನ ಪಟ್ಟಿಯ ಪರಿಹಾರ, ಆಸ್ಪತ್ರೆಯ ಖರ್ಚು, ತಿಂಗಳ ಪಿಂಚಣಿ, ಎಲ್ಲವೂ ತಪ್ಪು ಕಂಪನಿಯದಾದರೆ ಮಾತ್ರ.

*

ಕಸ್ತೂರಿಯ ಗಂಡ ಭರಮಾ ಮುಚ್ಚಂಡಿ ಟೆಂಪೋ ಓಡಿಸುತ್ತಿದ್ದ. ಮರುದಿನ ಬೆಳಿಗ್ಗೆ ಸೋನವ್ವ ರೊಟ್ಟಿ ಕಟ್ಟಿಕೊಂಡು ಅವರ ಮನೆಗೆ ಹೋದಾಗ ಹೊಸ್ತಿಲಲ್ಲೇ ನಿಂತಿದ್ದ.

"ಬರ್ರಿ ಅತ್ತಿ, ಬರ್ರಿ. ನೂರಾ ಇಪ್ಪತ್ತ ರೂಪಾಯಿ ತ್ಯಾಪಿ ಹಚ್ಚಿದ್ರಿ, ನಾಕ ಬಳ್ಳ ಹೋದುವು. ಈಗ ರೊಟ್ಟಿ ತಂದೀರಿ. ಯಾವ ಕೈಲೆ ತಿನ್ನಬೇಕ ಆಕಿ?"

"ಎಡಗೈಲೆ ತಿಂತೇನಿ. ನೀ ಸುಮ್ಮನಿರು" ಎಂದಳು ಕಸ್ತೂರಿ ಒಳಗಿನಿಂದ.

"ಸುಮ್ಮನ ಹ್ಯಾಂಗ ಇರ್ಲಿ? ಸಹಿ ಹಾಕಂದ್ರ ಹಾಕವಲ್ಲಿ!"

"ಬಲಗೈ ಸಹಿ ಅಲ್ಲೇನ ಬೇಕಾದದ್ದ ಅವರಿಗೆ? ಬಳ್ಳ ತಂದು ಕೊಡ ಅನ್ನು, ಹಾಕ್ತೇನಿ."

ಸೋನವ್ವ ರೊಟ್ಟಿಯ ಗಂಟು ಇಟ್ಟು ಹಾಸಿಗೆಯ ಅಂಚಿಗೆ ಕುಳಿತಳು. ಬಟ್ಟೆ ಸುತ್ತಿದ ಕೈ ನೋಡಲಾಗದೆ ನೆಲ ನೋಡಿದಳು.

"ಕಸ್ತೂರಿ, ನನ್ನ ತಪ್ಪ ಇದ್ರ ನಾನ ಹೇಳ್ತೇನಿ ಅಧಿಕಾರಿ ಮುಂದ. ನೀ ಎಂಬತ್ತ ಸಾವಿರ ತೊಗೊಂಡ ಬಿಡ."

"ಅತ್ತಿ, ತಪ್ಪ ನಿಂದೈತಿ ಅಂತ ನಿನಗ ಅನಸ್ತದೇನ?"

ಸೋನವ್ವ ಹೌದೆಂದು ತಲೆಯಾಡಿಸಿದಳು. ಅನಿಸುತ್ತಿತ್ತು. ಪರದೆ ತುಂಬ ಕೆಂಪು ನೋಡಿದ ಮೇಲೆ ಯಾರಿಗೆ ಅನಿಸುವುದಿಲ್ಲ?

"ಹಂಗಾರ ಎಲ್ಲಿ ತಪ್ಪೇತಿ ತೋರಸು. ಯಾವ ಸಾಲಾಗ, ಎಷ್ಟನೇ ತೂತ. ತೋರಿಸಿದರ ಸಹಿ ಹಾಕ್ತೇನಿ. ಕಂಪನಿ ಹೇಳ್ತಂತ ಹಾಕಂಗಿಲ್ಲ."

ಸೋನವ್ವ ಮನೆಗೆ ಬಂದು ಯಂತ್ರದ ಮುಂದೆ ಕುಳಿತಳು. ತಪ್ಪು ಹುಡುಕುವುದೆಂದರೆ ಅವಳಿಗೆ ತಿಳಿದ ದಾರಿ ಒಂದೇ: ಕಾಗದವನ್ನು ಕಿಟಕಿಯ ಗಾಜಿಗೆ ಒತ್ತಿ ಹಿಡಿದು, ಬೆನ್ನಿನಿಂದ ಎಣಿಸುವುದು. ಅತ್ತೆ ಹಾಗೆ ಕಲಿಸಿದ್ದರು. ಯಾಕೆಂದು ಅವರು ಹೇಳಿರಲಿಲ್ಲ, ಇವಳೂ ಕೇಳಿರಲಿಲ್ಲ. ಅಂಗಿಯಿಂದ ಚಿತ್ತಾರ ಎತ್ತುವಾಗಲೂ ತೋಳನ್ನು ಒಳಮೈ ಹೊರಗೆ ತಿರುವಿಯೇ ಎಣಿಸುವುದು. ಕೈಗೆ ಗೊತ್ತಿದ್ದ ಕೆಲಸ.

ಎಂಜಿನಿಯರ್ ಕೊಟ್ಟ ಕಾಗದವನ್ನು ಹಾಗೇ, ಮುಖ ಹೊರಗೆ ಬೆನ್ನು ತನಗೆ ಮಾಡಿ, ಗಾಜಿಗೆ ಒತ್ತಿದಳು. ಕಂಪನಿಯ ಚಿತ್ತಾರ ಕಾಗದದ ಬೆನ್ನಿನಿಂದ ಬೆಳಕಿಗೆ ಮೂಡಿತು. ಇನ್ನೊಂದು ಕೈಯಲ್ಲಿ ಕಾರ್ಡು ಹಿಡಿದು ಮೊದಲ ಸಾಲು ಎಣಿಸಿದಳು. ಹೊಂದಿತು. ಎರಡನೆಯದು. ಹೊಂದಿತು. ಮೂವತ್ತಾರು ಸಾಲು, ಒಂದೊಂದು ಸಾಲಿಗೆ ಇಪ್ಪತ್ತನಾಲ್ಕು. ಒಂದು ಚೌಕವೂ ತಪ್ಪಿರಲಿಲ್ಲ.

ಕಾಗದವನ್ನು ಗಾಜಿನಿಂದ ಕೆಳಗಿಳಿಸಿದಳು. ಆಮೇಲೆ ಸಿಟ್ಟು ಬಂತು.

ಯಂತ್ರದ ಮುಂದೆ ಕೂತವರಿಗೆ ಬಟ್ಟೆಯ ಬೆನ್ನು ಕಾಣುತ್ತದೆ. ಮುಖ ಗೋಡೆಯ ಕಡೆಗೆ. ಕಾರ್ಡಿನ ಎಡಗಡೆಯ ತೂತು ಅಂಗಿಯ ಮುಖದಲ್ಲಿ ಬಲಗಡೆ ಬರುತ್ತದೆ. ಹೆಸರು ಹೆಣೆಯಬೇಕಾದರೆ ಕಾರ್ಡಿನಲ್ಲಿ ಅಕ್ಷರ ಉಲ್ಟಾ ಹೊಡೆಯಬೇಕು ಎಂದು ಮೊದಲ ವಾರ ಕಲಿಯುವ ಹುಡುಗಿಗೂ ಗೊತ್ತು. ಅಷ್ಟು ಪರದೆ, ಅಷ್ಟು ತಂತಿ ಇಟ್ಟುಕೊಂಡ ಆ ಜಾಣನಿಗೆ ಗೊತ್ತಿಲ್ಲ. ಕಾರ್ಡನ್ನು ನೇರ ಫೋಟೋ ತೆಗೆದು, ನೇರ ಇಟ್ಟು, ಕೆಂಪು ಬಳಿದು, ಒಬ್ಬಳ ಕೈಗೆ ಇನ್ನೊಬ್ಬಳ ಬೆರಳಿನ ಪಾಪ ಕಟ್ಟಿ ಕಳಿಸಿದ್ದ. ಅವಳಿಗೆ ತನ್ನ ಮೇಲೂ ಸಿಟ್ಟು ಬಂತು. ಮೂವತ್ತೈದು ವರ್ಷದ ಕೈಯನ್ನು ಬಿಟ್ಟು ಹತ್ತು ನಿಮಿಷದ ಪರದೆಯನ್ನು ನಂಬಿದ್ದಳು.

ಸೀದಾ ಭರಮಾನ ಮನೆಗೆ ಹೋಗಿ ಹೊರಗಿನಿಂದಲೇ ಕೂಗಿದಳು:

"ಭರಮಾ! ಶುಕ್ರವಾರ ಅಧಿಕಾರಿ ಬರ್ತಾಳಂತ. ಟೆಂಪೋ ತೊಗೊಂಡ ಬಾ. ಮಶೀನ ಹೇರಬೇಕ."

"ಯಾಕ, ಗುಜರಿಗೆ ಹಾಕ್ತೀರೇನ?"

"ನಿನ್ನ ಹಾಕ್ತೇನಿ ಗುಜರಿಗೆ. ಬಾ ಅಂದ್ರ ಬಾ."

*

ಕಾರ್ಮಿಕ ಅಧಿಕಾರಿ ಜುಬೇದಾ ನದಾಫ್ ವಿಚಾರಣೆಯನ್ನು ಗೋದಾಮಿನ ನಿಯಂತ್ರಣ ಕೊಠಡಿಯಲ್ಲೇ ಇಟ್ಟುಕೊಂಡಿದ್ದರು, ಕ್ಯಾಮೆರಾ ಅಲ್ಲೇ ಇದ್ದುದರಿಂದ. ಕಂಪನಿಯ ಕಡೆಯಿಂದ ಒಬ್ಬ ವಕೀಲ, ಒಬ್ಬ ವ್ಯವಸ್ಥಾಪಕ, ಮತ್ತು ಅನಿರುದ್ಧ. ಈ ಕಡೆ ಸೋನವ್ವ, ಭರಮಾ, ಮೇಜಿನ ಮೇಲೆ ಅರವತ್ತು ವರ್ಷದ ಯಂತ್ರ. ದಾರಿಯಲ್ಲಿ ಕುಲುಕಿ ಎರಡು ಸೂಜಿ ಬಾಗಿದ್ದವು. ತುದಿಯಿಂದ ಎರಡು ಕಿತ್ತು ಹಾಕಿಕೊಂಡಳು. ಒಳಗಿನ ಸ್ಪಂಜು ಪಟ್ಟಿ ಸವೆದದ್ದಕ್ಕೆ ಚಪ್ಪಲಿ ಅಂಗಡಿಯ ಫೋಮ್ ತುರುಕಿದ್ದನ್ನು ನೋಡಿ ವಕೀಲ ಹುಬ್ಬು ಹಾರಿಸಿದ.

"ಮೇಡಂ, ಈ ಹಳೆಯ ಡಬ್ಬಿಯನ್ನು ಯಾಕೆ ತರಲು ಬಿಟ್ಟಿರಿ?"

"ಆ ಡಬ್ಬಿಯ ಮೇಲೇ ತಾವು ಆರೋಪ ಹೊರಿಸಿದ್ದೀರಿ. ಆರೋಪಿ ಮಾತಾಡಲಿ" ಎಂದರು ಜುಬೇದಾ. "ಸೋನವ್ವಾ, ಅದೇ ಕಾರ್ಡು ತಾನೇ?"

"ಅದ ಕಾರ್ಡರಿ. ಹಿಂದ ನನ್ನ ಕೈಲೆ ಆಕಿ ಹೆಸರು, ತಾರೀಖು ಐತಿ. ಈ ಸಾಹೇಬರ ಫೋಟೋದಾಗೂ ಅದ ಐತಿ. ಒಂದ ತೂತ ಹೊಸಾದಾಗಿಲ್ಲ, ಒಂದ ಮುಚ್ಚಿಲ್ಲ. ನೋಡಕೋರಿ."

ಜುಬೇದಾ ಫೋಟೋ ಜತೆ ಹೋಲಿಸಿ ತಲೆಯಾಡಿಸಿದರು. ಸೋನವ್ವ ಕಪ್ಪು ಬಿಳಿ ನೂಲು ಹಾಕಿ ಗಾಡಿ ತಳ್ಳಿದಳು. ಖರ್ರ್ ಎಂದು ಹೋಗಿ ಖರ್ರ್ ಎಂದು ಬಂತು. ಕಾರ್ಡು ಟಕ್ಕೆಂದು ಒಂದು ಸಾಲು ಏರಿತು. ಮೂವತ್ತಾರು ಸಾಲು ಎರಡು ಸಲ, ಕಾಲು ಗಂಟೆ. ಬಿಡಿಸಿದ ಬಟ್ಟೆಯನ್ನು ಅವಳು ಅನಿರುದ್ಧನ ಮುಂದೆ ಹಿಡಿದಳು, ಬೆನ್ನು ಅವನ ಕಡೆಗೆ.

"ಇದ ನಿಮ್ಮ ಕೆಂಪಂದು. ಕಾರ್ಡಿನಾಗ ಇದ್ದಂಗ ಐತಿ ಹೌದಿಲ್ಲೊ?"

"ಹೌದು."

ಬಟ್ಟೆ ತಿರುವಿದಳು. "ಇದ ಮುಖ. ಅಂಗಿ ಹಾಕ್ಕೊಂಡಾಗ ಹೊರಗ ಕಾಣೂದು ಇದ. ಅಂಗಿ ಬೆನ್ನು ಹೊರಗ ಮಾಡಿ ನಾವ್ಯಾರೂ ಹಾಕ್ಕೊಳ್ಳೂದಿಲ್ಲ ತಮ್ಮಾ. ನಿಮ್ಮ ಮನ್ಯಾಗ ಹಾಕ್ಕೋತಾರೇನ ಗೊತ್ತಿಲ್ಲ."

ಭರಮಾ ಫಕ್ಕನೆ ನಕ್ಕು ಬಾಯಿ ಮುಚ್ಚಿಕೊಂಡ. ಅನಿರುದ್ಧ ಬಟ್ಟೆ ತೆಗೆದುಕೊಂಡು ಎದ್ದುಹೋಗಿ ಕ್ಯಾಮೆರಾದ ಮುಂದೆ ಹಿಡಿದ. ದೊಡ್ಡ ಪರದೆಯಲ್ಲಿ ಹಸಿರು ಸಾಲು ಹೊಳೆಯಿತು. ಮೇಲಿನ ಸ್ಪೀಕರಿನಿಂದ ಹೆಣ್ಣಿನ ಧ್ವನಿ ಬಂತು:

"ಕಸ್ತೂರಿ ಮುಚ್ಚಂಡಿ. ಸಂಖ್ಯೆ ನಾನೂರ ಹದಿನೇಳು. ಹಾಜರ್."

ಭರಮಾನ ನಗು ನಿಂತಿತು. ತಿರುಗಿ ಬಾಗಿಲ ಕಡೆ ನೋಡಿದ, ಹೆಂಡತಿ ನಿಜಕ್ಕೂ ಬಂದಳೇನೋ ಎಂಬಂತೆ.

ವಕೀಲ ಗಂಟಲು ಸರಿಮಾಡಿಕೊಂಡ. ಆದರೆ ಜುಬೇದಾ ಮೊದಲೇ ಮಾತಾಡಿದರು. "ತೋಳು ಸರಿಯಿತ್ತು. ಹಾಗಾದರೆ ಆ ದಿನ ಕ್ಯಾಮೆರಾ ಅವಳನ್ನು ಓದಿರಬೇಕು. ಆರರಿಂದ ಎಂಟರ ದಾಖಲೆ ತೆಗೆಯಿರಿ."

"ಅದು ಕಂಪನಿಯ ಒಳಗಿನ ವಿಷಯ" ಎಂದ ವ್ಯವಸ್ಥಾಪಕ. "ಹಾಜರಿ ಪಟ್ಟಿ ಕೊಟ್ಟಿದ್ದೇವಲ್ಲ. ಆರಕ್ಕೆ ಮುಗಿಯುತ್ತದೆ."

"ಹಾಜರಿ ಪಟ್ಟಿ ಅಲ್ಲ. ಕಣ್ಣು ಕಂಡದ್ದು."

ಅನಿರುದ್ಧ ವ್ಯವಸ್ಥಾಪಕನ ಮುಖ ನೋಡಿದ. ಆಮೇಲೆ ತನ್ನ ಕೈಯಲ್ಲಿದ್ದ ಉಣ್ಣೆಯ ತುಂಡನ್ನು ನೋಡಿದ. ಕೂತು ಕೀಲಿಮಣೆ ಕುಟ್ಟಿದ. ಪರದೆಯ ಮೇಲೆ ಸಾಲುಗಳು ಇಳಿಯತೊಡಗಿದವು. ಆರು ಗಂಟೆ ಎರಡು ನಿಮಿಷ: ನಾನೂರ ಹದಿನೇಳು. ಆರು ಎರಡೂವರೆ: ನಾನೂರ ಹದಿನೇಳು. ಆರು ಮೂರು: ನಾನೂರ ಹದಿನೇಳು. ಕೆಳಗೆ, ಕೆಳಗೆ, ಪುಟದ ಮೇಲೆ ಪುಟ.

"ಎಷ್ಟು?" ಎಂದರು ಜುಬೇದಾ.

"ಇನ್ನೂರ ಹನ್ನೆರಡು ಸಲ." ಅವನ ದನಿ ಕುಗ್ಗಿತ್ತು. "ಓದಿದೆ. ಪೆಟ್ಟಿಗೆಗಳ ಮರೆಗೆ ಹೋದಾಗ ಬಿಟ್ಟರೆ ಪ್ರತಿ ಸಲವೂ ಸರಿಯಾಗಿ ಓದಿದೆ."

"ಮತ್ತೆ ಬಾಗಿಲು?"

"ಬಾಗಿಲು ಕ್ಯಾಮೆರಾವನ್ನು ಕೇಳುವುದಿಲ್ಲ ಮೇಡಂ. ಕೂಲಿಯ ಪಟ್ಟಿಯನ್ನು ಕೇಳುತ್ತದೆ. ಹೋದ ವರ್ಷ ಕೆಲವರು ಪಾಳಿ ಮುಗಿದ ಮೇಲೆ ಹತ್ತು ನಿಮಿಷ ಒಳಗೇ ಇದ್ದು ಹೆಚ್ಚಿನ ಕೂಲಿ ಕೇಳುತ್ತಿದ್ದರಂತೆ. ಆರರ ನಂತರ ಓದಿದ್ದನ್ನು ಪಟ್ಟಿಗೆ ಕಳಿಸಬೇಡ ಎಂದು ಹೇಳಿದರು. ನಾನು ಒಂದು ಸಾಲು ಬದಲಿಸಿದೆ. ಬಾಗಿಲೂ ಅದೇ ಪಟ್ಟಿ ನೋಡುತ್ತದೆ ಅನ್ನುವುದು... ಹೊಳೆಯಲಿಲ್ಲ."

ಸೋನವ್ವ ಎದ್ದು ನಿಂತಳು. ಇಷ್ಟು ದಿನ ತಪ್ಪು ತನ್ನದೋ ಎಂದು ಅಳುಕಿದ ಹೆಂಗಸಲ್ಲ ಈಗ ನಿಂತವಳು.

"ಇನ್ನೂರ ಹನ್ನೆರಡ ಸಲ ನೋಡೇತಿ ನಿಮ್ಮ ಕಣ್ಣು. ಬಾಗಲಾ ಬಡಿಯೂದ ನೋಡೇತಿ. ಗವಸ ಹುಡಕೂದ ನೋಡೇತಿ. ಹತ್ತ ನಿಮಿಷದ ಕೂಲಿ ಉಳಸಾಕ ಆಕೀನ್ನ ಇಲ್ಲಾ ಅಂತ ಬರದೇತಿ. ಆಮ್ಯಾಲ ನನ್ನ ಕೈ ತೋರಿಸಿ ಈಕಿ ಮಾಡ್ಯಾಳ ಅಂದ್ರಿ. ನಾಚಿಕಿ ಬರೂದಿಲ್ಲೇನ್ರಿ?"

"ಅಮ್ಮ, ನನಗೆ ಗೊತ್ತಿರಲಿಲ್ಲ" ಎಂದ ಅನಿರುದ್ಧ. ಅವನ ಕಣ್ಣಲ್ಲಿ ನೀರಿತ್ತು.

"ಗೊತ್ತಿದ್ದಿಲ್ಲ ಅಲ್ಲ. ನೋಡಿದ್ದಿಲ್ಲ. ನನ್ನ ಕಾರ್ಡ ನೋಡಾಕ ನನ್ನ ಮನಿತನಾ ಬಂದಿ. ನಿನ್ನ ದಾಖಲೆ ನಿನ್ನ ಕುರ್ಚಿ ಮುಂದ ಇತ್ತು, ಅದನ್ನ ತಗದ ನೋಡ್ಲಿಲ್ಲ. ಅಳಬ್ಯಾಡ. ಅತ್ತರ ನಾ ಸಮಾಧಾನ ಮಾಡಾಕ ಬಂದಾಕಿ ಅಲ್ಲ."

ವ್ಯವಸ್ಥಾಪಕ ಫೋನು ಹಿಡಿದು ಹೊರಗೆ ಹೋದ. ಜುಬೇದಾ ದಾಖಲೆಯ ಪ್ರತಿ ತೆಗೆಸಿ ಪ್ರತಿ ಪುಟಕ್ಕೂ ಸಹಿ ಹಾಕಿಸಿಕೊಂಡರು. ಕಾರ್ಡನ್ನು ಲಕೋಟೆಗೆ ಹಾಕಿ ಅರಗು ಒತ್ತಿದರು.

ಟೆಂಪೋದಲ್ಲಿ ಬರುವಾಗ ಭರಮಾ, ರಸ್ತೆ ಮೇಲಿನ ಕಣ್ಣು ತೆಗೆಯದೆ, "ಅತ್ತಿ, ಅವತ್ತ ಹೊಸ್ತಿಲದಾಗ ನಾ ಅಂದದ್ದು..." ಎಂದ.

"ಅಂದದ್ದ ಅಂದಿ. ಹಳ್ಳಾ ನೋಡಿ ಓಡಸು, ಇನ್ನೆರಡ ಸೂಜಿ ಬಾಗಿದರ ನಿನ್ನ ಹಲ್ಲ ಕಿತ್ತ ಹಾಕ್ತೇನಿ."

*

ತೀರ್ಪಿಗೆ ಏಳು ತಿಂಗಳು ಹಿಡಿಯಿತು. ಆಸ್ಪತ್ರೆಯ ಖರ್ಚನ್ನು ಕಂಪನಿ ಕೊಟ್ಟಿತು. ಪಟ್ಟಿಯ ಪ್ರಕಾರ ನಾಲ್ಕು ಬೆರಳಿನ ದುಡ್ಡು, ತಿಂಗಳಿಗೆ ಅರ್ಧ ಕೂಲಿ ಪಿಂಚಣಿ. ವ್ಯವಸ್ಥಾಪಕ ಬೇರೆ ಊರಿನ ಗೋದಾಮಿಗೆ ಹೋದ, ಇನ್ನೂ ದೊಡ್ಡದಕ್ಕೆ ಎಂದು ಜನ ಹೇಳಿದರು. ಅನಿರುದ್ಧ ಕೆಲಸ ಬಿಟ್ಟನೋ ಬಿಡಿಸಿದರೋ ಯಾರಿಗೂ ತಿಳಿಯದು.

ಕಂಪನಿ ಉಣ್ಣೆಯ ಗುರುತನ್ನೇ ಬಿಟ್ಟು, ರಬ್ಬರಿನ ಮೇಲೆ ಅಚ್ಚುಹಾಕಿದ ಅಂಗಿ ತಂದಿತು. ಅದನ್ನು ಹೆಣೆಯಲು ಬರುವುದಿಲ್ಲ, ಬಿಚ್ಚಲೂ ಬರುವುದಿಲ್ಲ, ಹರಿದರೆ ಹೊಸದೇ. ಸೋನವ್ವನ ಬಾಗಿಲ ಮುಂದಿನ ಸಾಲು ಒಂದೇ ತಿಂಗಳಲ್ಲಿ ಕರಗಿತು. ಕಾರ್ಡು ಲಕೋಟೆಯಿಂದ ಹಿಂದೆ ಬರಲಿಲ್ಲ. ಮೊಳೆಗೆ ಈಗ ನವಿಲಿನ ಹಳೆಯ ಕಾರ್ಡು ತೂಗುತ್ತಿದೆ.

ಕಸ್ತೂರಿ ಕೆಲವು ಮಧ್ಯಾಹ್ನ ಬಂದು ಗಾಡಿ ತಳ್ಳುತ್ತಾಳೆ. ತಳ್ಳಲು ಅಂಗೈ ಸಾಕು. ನೂಲು ಪೋಣಿಸಲು ಸಾಕಾಗುವುದಿಲ್ಲ, ಅದನ್ನು ಸೋನವ್ವ ಪೋಣಿಸಿಕೊಡುತ್ತಾಳೆ. ಒಂದು ದಿನ ಪೋಣಿಸುತ್ತ, ಗೋದಾಮಿನ ಹೆಂಗಸರು ತಂದ ಸುದ್ದಿಯನ್ನು ಅವಳು ಹೇಳಿದಳು. ಹನ್ನೊಂದು ಬಾಗಿಲಿಗೂ ಒಳಗಿನಿಂದ ಕಬ್ಬಿಣದ ಹಿಡಿಕೆ ಹಾಕಿದ್ದಾರೆ. ಗವಸು ಹಾಕಿಕೊಂಡೇ ಎಳೆಯಬಹುದು. ಕರೆಂಟು ಬೇಡ, ಪಟ್ಟಿ ಬೇಡ, ಯಾರನ್ನೂ ಕೇಳಬೇಕಾಗಿಲ್ಲ.

"ಒಂದ ಹಿಡಿಕಿಗೆ ಎಷ್ಟ ಬಿತ್ತಂತ?" ಎಂದು ಕೇಳಿದಳು ಕಸ್ತೂರಿ.

"ಆರನೂರಾ ಐವತ್ತ."

ಕಸ್ತೂರಿ ಗಾಡಿಯನ್ನು ಬಲಕ್ಕೆ ತಳ್ಳಿದಳು. ಹೋದದ್ದು ಅವಳ ಬಲಗೈಯ ನಾಲ್ಕು ಬೆರಳು, ಸೋನವ್ವನ ತಿಂಗಳ ದುಡಿಮೆ. ಬಂದದ್ದು ಹನ್ನೊಂದು ಹಿಡಿಕೆ. ಮೊದಲ ದಿನವೇ ಹಾಕಬಹುದಾಗಿತ್ತು.